ಸಾಕ್ಷಿ ಉಳಿಸದ ಕಾಯಿಲೆ: ಡಯಾನಾ ಅವರ ಬುಲಿಮಿಯಾ, ಒಂದು ಪ್ರಕರಣ ಅಧ್ಯಯನ

ಬುಲಿಮಿಯಾ ಎಂದರೆ ತಡೆಯಲಾಗದೆ ಅತಿಯಾಗಿ ತಿಂದು, ಆಮೇಲೆ ವಾಂತಿ ಮಾಡಿಕೊಂಡೋ ಬೇರೆ ಬಗೆಯಲ್ಲೋ ಅದನ್ನು ಸರಿದೂಗಿಸಲು ಯತ್ನಿಸುವ ಕಾಯಿಲೆ. ಅದು ಇರುವವರು ವರ್ಷಗಟ್ಟಲೆ ಮನೆಯವರಿಂದಲೂ ಮುಚ್ಚಿಡುತ್ತಾರೆ. ಗುಣವಾದ ಮೇಲೂ ಹೇಳಿಕೊಳ್ಳುವವರು ಕಡಿಮೆ. ಹಾಗಾಗಿ ಹೆಸರು ಹಿಡಿದು ಚರ್ಚಿಸಬಹುದಾದ ಪ್ರಕರಣಗಳು ಅಪರೂಪ. ಆ ಅಪರೂಪದವುಗಳಲ್ಲಿ ಎಲ್ಲಕ್ಕಿಂತ ವಿವರವಾಗಿ ದಾಖಲಾಗಿರುವುದು ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರದು. ವೈದ್ಯಕೀಯ ಕಡತ ನಮ್ಮ ಮುಂದಿಲ್ಲ, ಇರಬೇಕಾಗಿಯೂ ಇಲ್ಲ. ಇರುವುದು ಆಕೆಯೇ ಮೂರು ಬಾರಿ ಆಡಿದ ಮಾತು. ಮೊದಲನೆಯದು 1991ರಲ್ಲಿ ಪತ್ರಕರ್ತರೊಬ್ಬರಿಗಾಗಿ ಗುಟ್ಟಾಗಿ ಧ್ವನಿಮುದ್ರಿಸಿ ಕಳುಹಿಸಿದ್ದು. ಅದು ಆಕೆಯದೇ ಧ್ವನಿ ಎಂಬುದು ಹೊರಗೆ ತಿಳಿದದ್ದು 1997ರಲ್ಲಿ ಆಕೆ ತೀರಿಕೊಂಡ ನಂತರ. ಎರಡನೆಯದು 1993ರ ಏಪ್ರಿಲ್‌ನಲ್ಲಿ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಮಾಡಿದ ಭಾಷಣ. ಮೂರನೆಯದು 1995ರ ನವೆಂಬರ್ 20ರಂದು ಬಿಬಿಸಿಯಲ್ಲಿ ಪ್ರಸಾರವಾದ, ಬ್ರಿಟನ್ ಒಂದರಲ್ಲೇ ಎರಡು ಕೋಟಿಗೂ ಹೆಚ್ಚು ಜನ ನೋಡಿದ ಸಂದರ್ಶನ.

ಈ ಮೂರನೆಯದನ್ನು ಬಳಸುವ ಮುನ್ನ ಒಂದು ಮಾತು ಹೇಳಲೇಬೇಕು. ಆ ಸಂದರ್ಶನ ದಕ್ಕಿಸಿಕೊಳ್ಳಲು ಸಂದರ್ಶಕರು ನಕಲಿ ಬ್ಯಾಂಕ್ ದಾಖಲೆಗಳನ್ನು ತೋರಿಸಿ ಮೋಸ ಮಾಡಿದ್ದರೆಂದು 2021ರ ತನಿಖಾ ವರದಿ ಸ್ಪಷ್ಟಪಡಿಸಿದೆ. ಮೋಸದಿಂದ ಬಾಯಿ ಬಿಡಿಸಿದ ಮಾತನ್ನು ಎಷ್ಟು ನೆಚ್ಚಬಹುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬುಲಿಮಿಯಾ ಬಗ್ಗೆ ಅಲ್ಲಿ ಹೇಳಿದ್ದರ ತಿರುಳನ್ನು ಆಕೆ ನಾಲ್ಕು ವರ್ಷ ಮೊದಲೇ ಧ್ವನಿಮುದ್ರಿಕೆಯಲ್ಲಿ ಹೇಳಿದ್ದರು, ಭಾಷಣದಲ್ಲಿ ಸೂಚ್ಯವಾಗಿ ಮತ್ತೆ ಹೇಳಿದ್ದರು. ಆದ್ದರಿಂದ ಮದುವೆ, ಅರಮನೆ, ಅಲ್ಲಿನ ಜಗಳಗಳ ಕುರಿತ ಭಾಗವನ್ನು ಪಕ್ಕಕ್ಕಿಟ್ಟು, ಕಾಯಿಲೆಯ ಕುರಿತ ಭಾಗವನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇನೆ.

ಹಿನ್ನೆಲೆ ಚುಟುಕಾಗಿ ಹೀಗಿದೆ. ಡಯಾನಾ ಹುಟ್ಟಿದ್ದು 1961ರ ಜುಲೈ 1ರಂದು. ತಂದೆತಾಯಿ ಬೇರೆಯಾದಾಗ ಆಕೆಗೆ ಆರು ವರ್ಷ. 1969ರಲ್ಲಿ ವಿಚ್ಛೇದನವೂ ಆಯಿತು. ಅಕ್ಕನಿಗೆ 1970ರ ದಶಕದಲ್ಲಿ ಅನೊರೆಕ್ಸಿಯಾ ಇತ್ತು, ಅಂದರೆ ಊಟವನ್ನೇ ಬಿಟ್ಟು ಮೈ ಕರಗಿಸಿಕೊಳ್ಳುವ ಕಾಯಿಲೆ. ಆ ಅಕ್ಕ ಅದನ್ನು ಪತ್ರಿಕೆಯವರ ಮುಂದೆಯೇ ಹೇಳಿಕೊಂಡಿದ್ದರು. ಊಟದ ಕಾಯಿಲೆಗಳು ಕೆಲವು ಕುಟುಂಬಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ, ಇದರಲ್ಲಿ ವಂಶವಾಹಿಗಳ ಪಾಲೂ ಇದೆ ಎಂಬುದನ್ನು ಅವಳಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ರಾಜಮನೆತನದ ಬದುಕೇ ಆಕೆಗೆ ಬುಲಿಮಿಯಾ ತಂದಿತು ಎಂದು ಒಂದೇ ಸಾಲಿನಲ್ಲಿ ಮುಗಿಸುವವರು ಅಕ್ಕನ ವಿಷಯವನ್ನು ಮರೆತಿರುತ್ತಾರೆ. ಸಿಡಿಮದ್ದು ತುಂಬಿದ್ದು ಮೊದಲೇ, ಕಿಡಿ ತಾಗಿದ್ದು ಆಮೇಲೆ ಎನ್ನುವುದು ಹೆಚ್ಚು ಸರಿ.

ಕಿಡಿ ತಾಗಿದ ಹೊತ್ತು ಯಾವುದೆಂದು ಆಕೆಯೇ ಹೇಳಿದ್ದಾರೆ. 1981ರ ಫೆಬ್ರವರಿ 24ರಂದು ನಿಶ್ಚಿತಾರ್ಥ ಪ್ರಕಟವಾಯಿತು. ಆಗ ಆಕೆಗೆ ಹತ್ತೊಂಬತ್ತು. ಅದಾದ ವಾರದಲ್ಲೇ ಬುಲಿಮಿಯಾ ಶುರುವಾಯಿತಂತೆ. ಮದುವೆಯಾಗಲಿದ್ದವರು ಸೊಂಟದ ಮೇಲೆ ಕೈಯಿಟ್ಟು ಇಲ್ಲಿ ಸ್ವಲ್ಪ ಗುಂಡಗಿದ್ದೀಯಲ್ಲ ಎಂಬರ್ಥದ ಮಾತಾಡಿದರು, ಅದು ಒಳಗೆ ಏನನ್ನೋ ಕೆದಕಿತು ಎಂಬುದು ಧ್ವನಿಮುದ್ರಿಕೆಯ ಹೇಳಿಕೆ. ಇದು ಒಂದೇ ಕಡೆಯವರ ಮಾತು, ಹಾಗೆಂದೇ ಓದಿಕೊಳ್ಳಬೇಕು. ಜುಲೈ 29ರ ಮದುವೆಯ ಹೊತ್ತಿಗೆ ಆಕೆ ಎಷ್ಟು ಸೊರಗಿದ್ದರೆಂದರೆ ಉಡುಪನ್ನು ಮತ್ತೆ ಮತ್ತೆ ಚಿಕ್ಕದು ಮಾಡಬೇಕಾಯಿತು. ಸೊಂಟದ ಅಳತೆ ಎಷ್ಟಿದ್ದದ್ದು ಎಷ್ಟಕ್ಕಿಳಿಯಿತು ಎಂಬುದು ಇಂಚಿನ ಲೆಕ್ಕದಲ್ಲಿ ಹಲವು ಕಡೆ ಅಚ್ಚಾಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಕಾಯಿಲೆ ಇರುವವರು ಇಂಥ ಬರಹಗಳಲ್ಲಿ ಮೊದಲು ಹುಡುಕುವುದೇ ಆ ಅಂಕಿಯನ್ನು, ಹುಡುಕಿ ತಮ್ಮ ಗುರಿಯನ್ನಾಗಿ ಮಾಡಿಕೊಳ್ಳುವುದೂ ಉಂಟು. ಪತ್ರಿಕೆಗಳು ಇದನ್ನು ಇನ್ನೂ ಕಲಿತಿಲ್ಲ.

ಆ ಹೊತ್ತಿಗೆ ವೈದ್ಯಲೋಕಕ್ಕೇ ಈ ಕಾಯಿಲೆಯ ಪರಿಚಯವಾಗಿ ಎರಡು ವರ್ಷವಷ್ಟೇ ಕಳೆದಿತ್ತು. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ತಾವು ಕಂಡ 30 ರೋಗಿಗಳನ್ನು ಆಧರಿಸಿ ಬುಲಿಮಿಯಾ ನರ್ವೋಸಾ ಎಂಬ ಹೆಸರಿನಲ್ಲಿ ಅದನ್ನು ವಿವರಿಸಿದ್ದು 1979ರಲ್ಲಿ. ತೂಕ ಹೆಚ್ಚೀತೆಂಬ ತೀವ್ರ ಭಯ, ತಡೆಯಲಾಗದೆ ಅತಿಯಾಗಿ ತಿನ್ನುವ ಸರದಿಗಳು, ತಿಂದದ್ದರ ಪರಿಣಾಮ ತಪ್ಪಿಸಲು ವಾಂತಿ ಮಾಡಿಕೊಳ್ಳುವುದು ಅಥವಾ ಭೇದಿ ಮಾತ್ರೆ ನುಂಗುವುದು, ಇವು ಅವರು ಗುರುತಿಸಿದ ಲಕ್ಷಣಗಳು. ಅನೊರೆಕ್ಸಿಯಾದ ಅಪಾಯಕಾರಿ ರೂಪಾಂತರ ಇದು ಎಂದು ಅವರು ಆಗಲೇ ಎಚ್ಚರಿಸಿದ್ದರು. ಅಂದರೆ 1981ರಲ್ಲಿ ಒಬ್ಬ ಸಾಮಾನ್ಯ ವೈದ್ಯರು ಡಯಾನಾ ಅವರನ್ನು ಪರೀಕ್ಷಿಸಿದ್ದರೂ ಈ ಹೆಸರು ಅವರ ನಾಲಿಗೆಗೆ ಬರುವ ಸಾಧ್ಯತೆ ಕಡಿಮೆಯೇ ಇತ್ತು.

ಇಂದಿನ ಮಾನದಂಡದ ಪ್ರಕಾರ, ಅತಿಯಾಗಿ ತಿನ್ನುವುದೂ ಅದನ್ನು ಸರಿದೂಗಿಸುವ ಯತ್ನವೂ ಸರಾಸರಿ ವಾರಕ್ಕೊಮ್ಮೆಯಾದರೂ ಮೂರು ತಿಂಗಳ ಕಾಲ ನಡೆದಿದ್ದರೆ ಬುಲಿಮಿಯಾ ಎನ್ನುತ್ತಾರೆ. 2013ಕ್ಕೆ ಮುಂಚೆ ವಾರಕ್ಕೆರಡು ಬಾರಿ ಬೇಕಿತ್ತು. ಸರಿದೂಗಿಸುವುದೆಂದರೆ ವಾಂತಿಯೊಂದೇ ಅಲ್ಲ, ದಿನಗಟ್ಟಲೆ ಉಪವಾಸ, ಮೈ ಮುರಿಯುವಷ್ಟು ವ್ಯಾಯಾಮವೂ ಅದರಲ್ಲಿ ಸೇರುತ್ತದೆ. ಇದರ ಜೊತೆಗೆ ತನ್ನ ಬೆಲೆಯನ್ನೆಲ್ಲ ಮೈಯ ಆಕಾರದಿಂದಲೇ ಅಳೆಯುವ ಮನಸ್ಸು ಇರಬೇಕು. ಹಬ್ಬದ ದಿನ ಹೋಳಿಗೆ ಜಾಸ್ತಿ ತಿಂದು ಹೊಟ್ಟೆ ಹಿಡಿದುಕೊಂಡು ಮಲಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಮುಖ್ಯವಾದದ್ದು ಹಿಡಿತ ತಪ್ಪುವುದು. ನಿಲ್ಲಿಸಬೇಕು ಎಂದು ಗೊತ್ತಿದ್ದೂ ಕೈ ನಿಲ್ಲುವುದಿಲ್ಲ, ರುಚಿಯೂ ತಿಳಿಯುವುದಿಲ್ಲ.

ತನ್ನ ಅನುಭವವನ್ನು ಡಯಾನಾ ಹೇಳಿಕೊಂಡ ಬಗೆ ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲ. ದಿನಕ್ಕೆ ನಾಲ್ಕೈದು ಬಾರಿ ಹೊಟ್ಟೆ ತುಂಬಿಕೊಳ್ಳುವುದು, ಆಗ ಯಾರೋ ತೋಳುಗಳಿಂದ ಬಳಸಿ ಹಿಡಿದಂಥ ಸಮಾಧಾನ, ಆದರೆ ಅದು ಕ್ಷಣಿಕ, ಮರುಗಳಿಗೆಯಲ್ಲೇ ಉಬ್ಬಿದ ಹೊಟ್ಟೆ ಕಂಡು ಹೇಸಿಗೆ, ಆಮೇಲೆ ಎಲ್ಲವನ್ನೂ ಹೊರಗೆ ಹಾಕುವುದು, ಮತ್ತೆ ಮೊದಲಿನಿಂದ. ದಿನವೆಲ್ಲ ಬೇರೆಯವರನ್ನು ಸಂತೈಸಿ ಮನೆಗೆ ಬಂದರೆ ತನ್ನನ್ನು ತಾನು ಸಂತೈಸಿಕೊಳ್ಳುವುದು ಹೇಗೆಂದು ತಿಳಿಯದೆ ಫ್ರಿಜ್‌ಗೆ ಕೈ ಹಾಕುತ್ತಿದ್ದೆ ಎಂದೂ ಆಕೆ ಹೇಳಿದ್ದಾರೆ.

ಆಕೆ ವಿವರಿಸಿದ್ದು ಚಕ್ರದ ಅರ್ಧ ಭಾಗವನ್ನು, ಭಾವನೆಯ ಭಾಗವನ್ನು. ಉಳಿದರ್ಧ ಶರೀರದ್ದು, ಅದನ್ನು ಚಿಕಿತ್ಸಕರು ವಿವರಿಸುತ್ತಾರೆ. ವಾಂತಿಯಾದ ಮೇಲೆ ಬರುವುದು ಪಶ್ಚಾತ್ತಾಪ ಮತ್ತು ನಾಳೆಯಿಂದ ಬಿಗಿಯಾಗಿರುತ್ತೇನೆ ಎಂಬ ಶಪಥ. ಬಿಗಿಯೆಂದರೆ ಬೆಳಗಿನ ತಿಂಡಿ ಬಿಡುವುದು, ಮಧ್ಯಾಹ್ನ ಎರಡು ತುತ್ತಿಗೆ ಏಳುವುದು. ಸಂಜೆಯ ಹೊತ್ತಿಗೆ ಶರೀರ ನಿಜವಾಗಿಯೂ ಹಸಿದಿರುತ್ತದೆ. ಆ ಹಸಿವಿಗೆ ಯಾವುದೋ ಬೇಸರ ಅಥವಾ ಅವಮಾನ ಜೊತೆಯಾದರೆ ಕಟ್ಟು ಒಡೆಯುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಬಾಯಿ ಚಪಲದಂತೆ ಕಂಡೀತು. ಅಸಲಿಗೆ ಅತಿಯಾಗಿ ತಿನ್ನುವುದರ ಮೂಲ ಬಹುಪಾಲು ಅತಿಯಾಗಿ ಬಿಡುವುದರಲ್ಲೇ ಇರುತ್ತದೆ. ವಾಂತಿಯಿಂದ ತೂಕ ಇಳಿಯುತ್ತದೆ ಎಂಬ ನಂಬಿಕೆಯೂ ಹುಸಿ. ಶರೀರ ಕಳೆದುಕೊಳ್ಳುವುದು ನೀರನ್ನು, ಪೊಟ್ಯಾಸಿಯಂ ಮುಂತಾದ ಲವಣಗಳನ್ನು. ಪೊಟ್ಯಾಸಿಯಂ ತೀರಾ ಕಡಿಮೆಯಾದರೆ ಹೃದಯದ ಬಡಿತದ ಲಯ ತಪ್ಪುತ್ತದೆ, ಜೀವಕ್ಕೆ ಕುತ್ತು ಬರುವುದು ಅಲ್ಲಿಂದಲೇ.

ಈಗ ಪ್ರಕರಣದ ಕೇಂದ್ರಕ್ಕೆ ಬರೋಣ. 1980ರ ದಶಕದಲ್ಲಿ ಡಯಾನಾ ಅವರಷ್ಟು ಛಾಯಾಚಿತ್ರಗಳಿಗೆ ಸಿಕ್ಕ ಹೆಣ್ಣು ಇನ್ನೊಬ್ಬರಿರಲಿಲ್ಲ. ಉಡುಪು, ಕೂದಲು, ಕಾಲುಚೀಲದವರೆಗೂ ಚರ್ಚೆಯಾಗುತ್ತಿತ್ತು. ಆದರೂ ಕಾಯಿಲೆ ವರ್ಷಗಟ್ಟಲೆ ಬಯಲಾಗಲಿಲ್ಲ. 1992ರ ಫೆಬ್ರವರಿಯಲ್ಲಿ ತಾಜ್ ಮಹಲ್ ಎದುರು ಒಬ್ಬರೇ ಕುಳಿತ ಆ ಪ್ರಸಿದ್ಧ ಚಿತ್ರದಲ್ಲಿ ಜಗತ್ತು ಒಂಟಿತನವನ್ನು ಓದಿತು. ಬುಲಿಮಿಯಾ ಓದಲು ಅಲ್ಲಿ ಏನೂ ಇರಲಿಲ್ಲ. ಸಂದರ್ಶನದಲ್ಲಿ ಆಕೆ ಇದನ್ನೇ ಹೇಳುತ್ತಾರೆ: ಅನೊರೆಕ್ಸಿಯಾದಲ್ಲಿ ಕಣ್ಣೆದುರೇ ಕೃಶವಾಗುತ್ತೀರಿ, ಬುಲಿಮಿಯಾದಲ್ಲಿ ತೂಕ ಹಾಗೆಯೇ ಇರುತ್ತದೆ, ಆದ್ದರಿಂದ ಕೊನೆಯವರೆಗೂ ನಟಿಸಬಹುದು, ಸಾಕ್ಷಿಯೇ ಇರುವುದಿಲ್ಲ.

ಈ ಮಾತಿಗೂ 1981ರ ಸೊರಗುವಿಕೆಗೂ ತಾಳೆಯಾಗುವುದಿಲ್ಲವಲ್ಲ ಎಂದು ಕೇಳಬಹುದು. ಹೌದು, ಪೂರ್ತಿ ತಾಳೆಯಾಗುವುದಿಲ್ಲ. ಎರಡು ಕಾಯಿಲೆಗಳ ನಡುವಿನ ಗಡಿ ಪುಸ್ತಕದಲ್ಲಿ ಇರುವಷ್ಟು ಗಟ್ಟಿಯಾಗಿ ಬದುಕಿನಲ್ಲಿ ಇರುವುದಿಲ್ಲ. ತೂಕ ತೀರಾ ಇಳಿದಿದ್ದಾಗ ಒಂದು ಹೆಸರು, ಸಾಮಾನ್ಯ ಮಟ್ಟಕ್ಕೆ ಬಂದಾಗ ಇನ್ನೊಂದು ಹೆಸರು, ಒಬ್ಬರೇ ವ್ಯಕ್ತಿ ಎರಡನ್ನೂ ದಾಟಿ ಬರುವುದು ಚಿಕಿತ್ಸಾಲಯಗಳಲ್ಲಿ ಮಾಮೂಲಿ. ಆ ಐದು ತಿಂಗಳಲ್ಲಿ ಆಕೆಗೆ ಇದ್ದದ್ದಕ್ಕೆ ಯಾವ ಹೆಸರು ಸರಿ ಎಂದು ಇಷ್ಟು ದೂರದಿಂದ ತೀರ್ಮಾನಿಸುವುದು ಉದ್ಧಟತನವಾದೀತು.

ಸಾಕ್ಷಿ ಉಳಿಸದ ಕಾಯಿಲೆ ಎಂದ ಮಾತ್ರಕ್ಕೆ ಕುರುಹೇ ಇರುವುದಿಲ್ಲ ಎಂದಲ್ಲ. ಪದೇ ಪದೇ ವಾಂತಿ ಮಾಡಿಕೊಳ್ಳುವವರ ಹಲ್ಲಿನ ಒಳಮುಖದ ಹೊಳಪು ಆಮ್ಲದಿಂದ ಸವೆಯುತ್ತದೆ, ಅದನ್ನು ಮೊದಲು ನೋಡುವವರು ಹಲ್ಲಿನ ಡಾಕ್ಟರು. ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಗಳು ಊದಿಕೊಂಡು ಮುಖ ದುಂಡಗೆ ಕಾಣುತ್ತದೆ. ಬೆರಳ ಗೆಣ್ಣಿನ ಮೇಲೆ ಒರಟು ಗಾಯದ ಗುರುತು ಬೀಳುತ್ತದೆ, ಅದಕ್ಕೆ ರಸೆಲ್ ಅವರ ಹೆಸರೇ ಇದೆ. ಆದರೆ ಇವೆಲ್ಲ ಎಲ್ಲರಲ್ಲೂ ಕಾಣಲೇಬೇಕೆಂದಿಲ್ಲ. ತನ್ನ ಚರ್ಮಕ್ಕಾಗಲಿ ಹಲ್ಲಿಗಾಗಲಿ ಏನೂ ಆಗಲಿಲ್ಲ, ಅಷ್ಟೊಂದು ಆಮ್ಲದ ಹೊರತಾಗಿಯೂ, ಎಂದು ಡಯಾನಾ ಸ್ವತಃ ಅಚ್ಚರಿಪಟ್ಟಿದ್ದರು. 1986ರಲ್ಲಿ ಕೆನಡಾದ ವ್ಯಾಂಕೂವರ್‌ನ ಎಕ್ಸ್‌ಪೋ ವಸ್ತುಪ್ರದರ್ಶನದಲ್ಲಿ ಎಲ್ಲರೆದುರು ಮೂರ್ಛೆ ಹೋದದ್ದುಂಟು. ಅದಕ್ಕೆ ಮುಂಚೆ ಕೆಲವು ದಿನ ಸರಿಯಾಗಿ ತಿಂದೇ ಇರಲಿಲ್ಲವಂತೆ. ಪತ್ರಿಕೆಗಳಿಗೆ ಅದು ಸುದ್ದಿಯಾಯಿತು, ರೋಗಲಕ್ಷಣವಾಗಲಿಲ್ಲ.

ಹಾಗಾದರೆ ಮನೆಯೊಳಗಿನವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂಬುದೇ ಈ ಪ್ರಕರಣದ ಕಹಿ. ನನ್ನ ಮಟ್ಟಿಗೆ ಸಂದರ್ಶನದ ಅತ್ಯಂತ ಮುಖ್ಯ ಸಾಲು ಇರುವುದು ಇಲ್ಲಿ. ಮನೆಯವರ ನೆರವು ಕೇಳಿದಿರಾ ಎಂದಾಗ ಇಲ್ಲವೆಂದ ಆಕೆ, ನಾಚಿಕೆ ಮತ್ತು ಆತ್ಮದ್ವೇಷದ ಜೊತೆಗೆ ಮೂರನೆಯ ಕಾರಣವನ್ನೂ ಕೊಡುತ್ತಾರೆ: ಊಟ ಹಾಳು ಮಾಡುತ್ತಿದ್ದೀಯ ಎಂದು ಜನ ಭಾವಿಸುತ್ತಾರೆ. ಯಾರಾದರೂ ಹಾಗೆ ಹೇಳಿದ್ದರೇ ಎಂದರೆ, ಹಲವು ಬಾರಿ ಎಂಬ ಉತ್ತರ. ತಿಂದದ್ದನ್ನು ಆಮೇಲೆ ವ್ಯರ್ಥ ಮಾಡುತ್ತೀಯೇನೋ ಎಂದು ಊಟದ ಹೊತ್ತಿಗೇ ಕುಟುಕುತ್ತಿದ್ದರಂತೆ.

ಅರಮನೆಯಲ್ಲೇ ಹೀಗಾದರೆ, ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ಅನ್ನ ದೇವರು ಕಣೇ ಎಂದು ಅಜ್ಜಿಯಿಂದ ಬೈಸಿಕೊಳ್ಳುವ ನಮ್ಮ ಮನೆಗಳಲ್ಲಿ ಈ ಮಾತಿನ ಭಾರ ಎಷ್ಟಿದ್ದೀತು! ತಿಂದದ್ದನ್ನು ಕಕ್ಕುವುದು ಇಲ್ಲಿ ಕಾಯಿಲೆಗಿಂತ ಮುಂಚೆ ಪಾಪವಾಗುತ್ತದೆ. ಅದರ ಜೊತೆಗೆ ಇನ್ನೊಂದು ತೊಡಕು. ಮಗಳು ಬಚ್ಚಲಲ್ಲಿ ವಾಂತಿ ಮಾಡಿಕೊಂಡದ್ದು ಕೇಳಿಸಿದರೆ ಮೊದಲು ಪಿತ್ತ, ಆಮೇಲೆ ಗ್ಯಾಸ್ಟ್ರಿಕ್, ಮದುವೆಯಾಗಿದ್ದರೆ ಸಿಹಿಸುದ್ದಿ. ನಾಲ್ಕನೆಯ ಕಾರಣ ಯಾರ ತಲೆಗೂ ಹೊಳೆಯುವುದಿಲ್ಲ. ಊಟ ಬಿಡಲು ಬೇಕಾದಷ್ಟು ಗೌರವಸ್ಥ ನೆಪಗಳೂ ನಮ್ಮಲ್ಲಿವೆ: ಸೋಮವಾರ, ಶನಿವಾರ, ಏಕಾದಶಿ. ವ್ರತ ಮಾಡುವವರಿಗೆಲ್ಲ ಕಾಯಿಲೆ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇದ್ದಕ್ಕಿದ್ದಂತೆ ವ್ರತಗಳು ಹೆಚ್ಚಾದ, ಊಟ ಮುಗಿದ ಕೂಡಲೇ ಬಚ್ಚಲಿಗೆ ಹೋಗಿ ಚಿಲಕ ಹಾಕಿ ನಲ್ಲಿ ತಿರುಗಿಸುವ, ಡಬ್ಬಿಯ ಚಕ್ಕುಲಿ ಕೋಡುಬಳೆ ರಾತ್ರೋರಾತ್ರಿ ಖಾಲಿಯಾಗುವ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೆ, ಮತ್ತು ಅದು ತಿಂಡಿ ಎಲ್ಲಿ ಹೋಯಿತು ಎಂಬುದಲ್ಲ.

ಡಯಾನಾ ತಮ್ಮ ಬುಲಿಮಿಯಾವನ್ನು ಮದುವೆಯಲ್ಲಿ ನಡೆಯುತ್ತಿದ್ದುದರ ಲಕ್ಷಣ ಎಂದು ಕರೆದರು. ಸಹಾಯಕ್ಕಾಗಿ ಕೂಗುತ್ತಿದ್ದೆ, ಆದರೆ ತಪ್ಪು ಸಂಕೇತಗಳನ್ನು ಕೊಡುತ್ತಿದ್ದೆ, ಜನ ಆ ಕಾಯಿಲೆಯನ್ನೇ ಗೂಟ ಮಾಡಿಕೊಂಡು ಡಯಾನಾಗೆ ತಲೆ ಸರಿಯಿಲ್ಲ ಎಂಬ ತೀರ್ಪನ್ನು ಅದಕ್ಕೆ ನೇತುಹಾಕಿದರು ಎಂಬುದು ಅವರ ದೂರಿನ ಸಾರ. ದೂರಿನ ಎರಡನೆಯ ಭಾಗ ನನಗೆ ಪೂರ್ತಿ ಒಪ್ಪಿಗೆ. ಮೊದಲನೆಯದಕ್ಕೆ ಒಂದು ತಿದ್ದುಪಡಿ ಬೇಕು. ಬುಲಿಮಿಯಾ ದುಃಖದಿಂದ ಶುರುವಾಗಬಹುದು, ಆದರೆ ಒಮ್ಮೆ ಶುರುವಾದ ಮೇಲೆ ಹಸಿವು, ಅತಿಸೇವನೆ, ವಾಂತಿಯ ಚಕ್ರ ತನ್ನ ಬಲದ ಮೇಲೆಯೇ ತಿರುಗುತ್ತದೆ. ಮೂಲ ಕಾರಣ ಸರಿಹೋದರೆ ಇದು ತಾನಾಗಿ ನಿಲ್ಲುತ್ತದೆ ಎಂದು ಕಾದು ಕುಳಿತವರು ವರ್ಷಗಳನ್ನು ಕಳೆದುಕೊಂಡಿದ್ದಾರೆ.

ಈ ಪ್ರಕರಣದಲ್ಲಿ ತಿರುವು ತಂದದ್ದು ವೈದ್ಯರಲ್ಲ, ಒಬ್ಬ ಗೆಳತಿ. 1980ರ ದಶಕದ ಕೊನೆಯ ಭಾಗ. ವಾಂತಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಹೋಗುತ್ತದೆ, ಮನಸ್ಸು ಕುಗ್ಗುವುದಕ್ಕೂ ಅದು ಕಾರಣವಾಗುತ್ತದೆ ಎಂದು ತಿಳಿದುಕೊಂಡ ಆ ಗೆಳತಿ ಫೋನ್ ಮಾಡಿ, ಒಂದು ಗಂಟೆಯೊಳಗೆ ಡಾಕ್ಟರಿಗೆ ಕರೆ ಮಾಡದಿದ್ದರೆ ಜಗತ್ತಿಗೆಲ್ಲ ಹೇಳಿಬಿಡುತ್ತೇನೆ ಎಂದು ಬೆದರಿಸಿದರಂತೆ. ಬೆದರಿಕೆ ಫಲಿಸಿತು. ಆದರೆ ಇದನ್ನು ಮಾದರಿ ಎಂದು ಎತ್ತಿ ಹಿಡಿಯಲು ನನಗೆ ಮನಸ್ಸಿಲ್ಲ. ಗುಟ್ಟು ರಟ್ಟಾಗುವ ಭಯವೇ ಈ ಕಾಯಿಲೆಯ ಬೇರು. ಹೆಚ್ಚಿನವರು ಇಂಥ ಬೆದರಿಕೆಗೆ ಇನ್ನಷ್ಟು ಒಳಸರಿಯುತ್ತಾರೆ. ಅಲ್ಲಿ ಕೆಲಸ ಮಾಡಿದ್ದು ಆ ಗೆಳತಿ ಕಾಯಿಲೆಯ ಬಗ್ಗೆ ತಿಳಿದುಕೊಂಡು, ಊಟ ಹಾಳಾಗುವುದರ ಬಗ್ಗೆ ಒಂದಕ್ಷರ ಎತ್ತದೆ, ಆರೋಗ್ಯದ ಬಗ್ಗೆ ನೇರವಾಗಿ ಮಾತಾಡಿದ್ದು ಎಂದು ನನಗೆ ಅನ್ನಿಸುತ್ತದೆ.

ಮನೋವೈದ್ಯರು ವಾರಕ್ಕೊಮ್ಮೆ ಒಂದು ಗಂಟೆ ಬಂದು ಮಾತಾಡತೊಡಗಿದರು, ಓದಲು ಪುಸ್ತಕಗಳನ್ನು ಕೊಟ್ಟರು. ಓದುತ್ತ ಓದುತ್ತ ಇದು ನಾನೇ, ನಾನೊಬ್ಬಳೇ ಅಲ್ಲ ಎಂದು ಅನ್ನಿಸಿದ್ದನ್ನು ಡಯಾನಾ ನೆನೆದಿದ್ದಾರೆ. ತಿಂದದ್ದನ್ನು ಹೊಟ್ಟೆಯಲ್ಲಿ ಉಳಿಸಿಕೊಂಡರೆ ಆರು ತಿಂಗಳಲ್ಲಿ ನಿಮ್ಮ ಗುರುತು ನಿಮಗೇ ಸಿಗದಷ್ಟು ಬದಲಾಗುತ್ತೀರಿ ಎಂದಿದ್ದರು ವೈದ್ಯರು. ಬದಲಾವಣೆ ಬಂತು, ಆದರೆ ಒಮ್ಮೆಗೇ ಅಲ್ಲ. ದಿನಕ್ಕೆ ನಾಲ್ಕು ಬಾರಿ ಇದ್ದದ್ದು ಮೂರು ವಾರಕ್ಕೊಮ್ಮೆ ಎಂಬಷ್ಟಕ್ಕೆ ಇಳಿಯಿತು. ಅದನ್ನು ಆಕೆ ದೊಡ್ಡ ಗೆಲುವೆಂದೇ ಎಣಿಸಿದರು. ಬಾಲ್ಮೋರಲ್, ಸ್ಯಾಂಡ್ರಿಂಗ್‌ಹ್ಯಾಮ್‌ನಂಥ ಅರಮನೆಗಳಲ್ಲಿ ಇಡೀ ಕುಟುಂಬದೊಡನೆ ತಂಗಿದಾಗ ಮಾತ್ರ ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಮರುಕಳಿಸುವುದಕ್ಕೂ ಒಂದು ನಕ್ಷೆ ಇರುತ್ತದೆ, ಇಂಥ ಜಾಗ, ಇಂಥ ಜನ, ಇಂಥ ಹೊತ್ತು ಎಂದು. ಅದು ಗೊತ್ತಾದರೆ ಅರ್ಧ ಕೆಲಸ ಆದಂತೆ. 1995ರ ಹೊತ್ತಿಗೆ, ಈಗ ಮುಕ್ತಳಾಗಿದ್ದೇನೆ ಎಂದರು.

ಇಂದು ಹೀಗೆ ಬರುವವರಿಗೆ ಮೊದಲು ಕೊಡುವುದು ಬುಲಿಮಿಯಾಕ್ಕೆಂದೇ ರೂಪಿಸಿದ ಸಿಬಿಟಿ, ಅಂದರೆ ಆಲೋಚನೆ ಮತ್ತು ವರ್ತನೆಯನ್ನು ಒಟ್ಟಿಗೆ ತಿದ್ದುವ ಮಾತಿನ ಚಿಕಿತ್ಸೆ. ಆಕ್ಸ್‌ಫರ್ಡ್‌ನ ಕ್ರಿಸ್ಟಫರ್ ಫೇರ್‌ಬರ್ನ್ ಅದನ್ನು ರೂಪಿಸಿ ಪ್ರಕಟಿಸಿದ್ದು 1981ರಲ್ಲಿ, ಡಯಾನಾ ಅವರ ಮದುವೆಯಾದ ವರ್ಷವೇ. ಸಾಮಾನ್ಯವಾಗಿ ಐದು ತಿಂಗಳಲ್ಲಿ ಸುಮಾರು 20 ಭೇಟಿಗಳು. ಅದರ ಮೊದಲ ಪಾಠ ಕೇಳಲು ತೀರಾ ಸಪ್ಪೆ: ಹೊತ್ತು ಹೊತ್ತಿಗೆ ಊಟ. ಮೂರು ಊಟ, ನಡುವೆ ಎರಡು ಮೂರು ಬಾರಿ ಲಘು ತಿಂಡಿ, ಯಾವ ಎರಡರ ನಡುವೆಯೂ ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿರಬಾರದು. ರೋಗಿಗೆ ಇದು ಹುಚ್ಚು ಸಲಹೆ ಎನಿಸುತ್ತದೆ, ಹೆಚ್ಚು ತಿನ್ನುವುದೇ ನನ್ನ ಸಮಸ್ಯೆ, ಇನ್ನೂ ತಿನ್ನು ಎನ್ನುತ್ತಾರಲ್ಲ ಎಂದು. ಆದರೆ ಹಸಿವಿನ ಕೊಂಡಿ ಕಳಚಿದರೆ ಚಕ್ರದ ಅರ್ಧ ವೇಗ ಇಳಿಯುತ್ತದೆ. ತಿಂದದ್ದನ್ನೂ ಆಗ ಅನ್ನಿಸಿದ್ದನ್ನೂ ಅಲ್ಲಲ್ಲೇ ಬರೆದಿಡಬೇಕು. ವಾರಕ್ಕೆ ಒಮ್ಮೆ ಮಾತ್ರ ತೂಕ ನೋಡಬೇಕು, ದಿನಕ್ಕೆ ಹತ್ತು ಬಾರಿ ಅಲ್ಲ. ಸಂಬಂಧಗಳ ಮೇಲೆ ಕೇಂದ್ರೀಕರಿಸುವ ಇನ್ನೊಂದು ಬಗೆಯ ಮಾತಿನ ಚಿಕಿತ್ಸೆಯೂ ಇದೆ. ಅದು ನಿಧಾನ, ಆದರೆ ವರ್ಷ ಕಳೆದ ಮೇಲೆ ನೋಡಿದರೆ ಸಿಬಿಟಿಗೆ ಸಮೀಪದ ಫಲ ಕೊಟ್ಟದ್ದು ಕಂಡುಬಂದಿದೆ. ಡಯಾನಾ ಅವರಂಥವರಿಗೆ ಅದೇ ಹೆಚ್ಚು ಒಗ್ಗುತ್ತಿತ್ತೇನೋ. ಔಷಧಗಳಲ್ಲಿ ಫ್ಲುಯಾಕ್ಸೆಟಿನ್ ಎಂಬುದನ್ನು ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಖಿನ್ನತೆಗೆ ಬಳಸುವ ಇನ್ನೊಂದು ಔಷಧವಾದ ಬುಪ್ರೊಪಿಯಾನ್ ಈ ಕಾಯಿಲೆಯಲ್ಲಿ ಅಪಸ್ಮಾರ ತರಬಹುದಾದ್ದರಿಂದ ವರ್ಜ್ಯ. ವಾಂತಿಯ ವಿಷಯವನ್ನು ಮನೋವೈದ್ಯರಿಂದ ಮುಚ್ಚಿಟ್ಟರೆ ಆಗುವ ಅನಾಹುತ ಇಂಥದ್ದು.

1993ರ ಭಾಷಣದಲ್ಲಿ ಡಯಾನಾ ತನಗೆ ಕಾಯಿಲೆ ಇತ್ತೆಂದು ಹೇಳಲಿಲ್ಲ. ನಂಬಲರ್ಹ ಮೂಲದಿಂದ ತಿಳಿದಿದೆ ಎಂದಷ್ಟೇ ಹೇಳಿದರು. ಮೂಲ ಯಾರೆಂದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊಸದಾಗಿ ಪತ್ತೆಯಾದ ಬುಲಿಮಿಯಾ ಪ್ರಕರಣಗಳು 1990ರ ದಶಕದಲ್ಲಿ ಏರುತ್ತ ಹೋಗಿ 1996ರಲ್ಲಿ ತುತ್ತತುದಿ ಮುಟ್ಟಿ ಇಳಿದವು. ಆಕೆ ಮಾತಾಡಿದ್ದರಿಂದ ಮುಚ್ಚಿಟ್ಟುಕೊಂಡಿದ್ದವರು ಡಾಕ್ಟರ ಬಾಗಿಲು ತಟ್ಟಿದರು ಎಂಬುದು ಒಂದು ವಿವರಣೆ. ಕಾಲ ಕೂಡಿಬಂದದ್ದನ್ನೇ ಕಾರಣ ಎನ್ನಲು ಬರುವುದಿಲ್ಲವಾದರೂ, ನನಗೆ ಆ ವಿವರಣೆ ಒಪ್ಪುವಂತೆಯೇ ಕಾಣುತ್ತದೆ.

ಆದರೆ ಡಯಾನಾ ಅವರ ಪ್ರಸಿದ್ಧಿಯಿಂದ ಒಂದು ತಪ್ಪು ಚಿತ್ರವೂ ನಿಂತುಬಿಟ್ಟಿತು: ಬುಲಿಮಿಯಾ ಎಂದರೆ ಎಳೆಯ, ಸುಂದರ, ಸಿರಿವಂತ ಹೆಣ್ಣಿನ ಕಾಯಿಲೆ ಎಂದು. 2008ರಲ್ಲಿ ಬ್ರಿಟನ್ನಿನ ಮಾಜಿ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ತಮಗೂ ಅದು ಇತ್ತು ಎಂದರು. ಆಗ ಅವರಿಗೆ ವಯಸ್ಸು ಅರವತ್ತೊಂಬತ್ತು, ದೊಡ್ಡ ಮೈಕಟ್ಟು, ಹಡಗಿನಲ್ಲಿ ಪರಿಚಾರಕನಾಗಿ ದುಡಿದು ಮೇಲೆ ಬಂದ ಕಾರ್ಮಿಕ ನಾಯಕ. ಡಾಕ್ಟರ ಕೊಠಡಿಯ ಹೊರಗೆ ಕಾದು ಕುಳಿತವರೆಲ್ಲ ಯುವತಿಯರು, ತಾನೊಬ್ಬನೇ ಗಂಡಸು ಎಂದು ನೆನೆದು ಅವರು ಸಂಕೋಚಪಟ್ಟುಕೊಂಡಿದ್ದರು. ದಪ್ಪಗಿರುವವರಿಗೆ, ಗಂಡಸರಿಗೆ ಈ ಕಾಯಿಲೆ ಇದ್ದರೆ ಪತ್ತೆಯಾಗುವುದು ಇನ್ನೂ ತಡ.

ಕರ್ನಾಟಕದಲ್ಲಿ ಇಂಥ ಪ್ರಕರಣ ಎದುರಾದರೆ ಮೊದಲು ಆಗಬೇಕಾದದ್ದು ಸರಳ: ರಕ್ತದಲ್ಲಿ ಪೊಟ್ಯಾಸಿಯಂ ಪರೀಕ್ಷೆ ಮತ್ತು ಒಂದು ಇಸಿಜಿ. ಇವೆರಡೂ ತಾಲ್ಲೂಕು ಮಟ್ಟದಲ್ಲೇ ಸಾಧ್ಯ. ಎದೆ ಹೊಡೆದುಕೊಳ್ಳುವುದು, ತಲೆಸುತ್ತಿ ಬೀಳುವುದು, ವಾಂತಿಯಲ್ಲಿ ರಕ್ತ ಇದ್ದರೆ ನಾಳೆಗೆ ಮುಂದೂಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನಸ್ಸಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮನೋವೈದ್ಯ ವಿಭಾಗವಿರುವ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಮುಖ ತೋರಿಸಲು ಹಿಂಜರಿಯುವವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.